ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಬ್ಯಾನ್ ಆದವರು ಪ್ರಾಕ್ಸಿ ಹಿಡಿದು ಮರಳಿ ಬಂದಾಗ

2007ರ ಹೊಸ ವರ್ಷದ ಆಸುಪಾಸಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರೊಬ್ಬರು ಒಂದೇ ಒಂದು ಐಪಿ ವಿಳಾಸಕ್ಕೆ, ಅಂದರೆ ಇಂಟರ್‌ನೆಟ್ಟಿನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಗೆ, ಕೆಲವು ಗಂಟೆಗಳ ತಡೆ ಹಾಕಿದರು. ಆ ವಿಳಾಸದಿಂದ ಪುಟ ಕೆಡಿಸುವ ಕಿಡಿಗೇಡಿತನ ಮತ್ತೆ ಮತ್ತೆ ನಡೆದಿತ್ತು. ಇಂಥ ತಡೆಗಳು ಅಲ್ಲಿ ದಿನನಿತ್ಯದ ಸಂಗತಿ, ಯಾರೂ ತಿರುಗಿ ನೋಡುವುದಿಲ್ಲ. ಈ ಸಲ ಮಾತ್ರ ಜಗತ್ತಿನ ತುಂಬ ಸುದ್ದಿಯಾಯಿತು: ವಿಕಿಪೀಡಿಯ ಕತಾರ್ ದೇಶವನ್ನೇ ಬ್ಯಾನ್ ಮಾಡಿದೆಯಂತೆ! ಆಗ ಕತಾರಿನಲ್ಲಿ ಇಂಟರ್‌ನೆಟ್ ಕೊಡುತ್ತಿದ್ದದ್ದು ಕ್ಯೂಟೆಲ್ ಎಂಬ ಒಂದೇ ಕಂಪನಿ. ಗ್ರಾಹಕರ ವೆಬ್ ಓಡಾಟವನ್ನು ಅದು ತನ್ನ ಪ್ರಾಕ್ಸಿಯ, ಅಂದರೆ ನಡುವೆ ನಿಂತು ಎಲ್ಲರ ಪರವಾಗಿ ಹೋಗಿಬರುವ ಸರ್ವರಿನ ಮೂಲಕ ಹಾಯಿಸುತ್ತಿತ್ತು. ಹೊರಗಿನವರ ಕಣ್ಣಿಗೆ ಹೆಚ್ಚುಕಡಿಮೆ ಇಡೀ ದೇಶವೇ ಒಂದು ವಿಳಾಸ. ಯಾವನೋ ಒಬ್ಬ ಪಡ್ಡೆ ಹುಡುಗನಿಗೆ ಹಾಕಿದ ಬರೆ ದೋಹಾದ ಪ್ರೊಫೆಸರುಗಳಿಗೂ, ಅಲ್ಲಿ ದುಡಿಯುತ್ತಿದ್ದ ನಮ್ಮ ಮಂಗಳೂರು ಕಡೆಯವರಿಗೂ ಬಿತ್ತು.

ತಪ್ಪು ಬೇಗ ಗೊತ್ತಾಯಿತು, ತಡೆ ತೆಗೆದರು. ಆದರೆ ಆ ತಪ್ಪಿನ ಬೇರು ಇವತ್ತಿಗೂ ಹಾಗೇ ಇದೆ. ಚರ್ಚಾತಾಣ ನಡೆಸುವವರು, ಕಾಮೆಂಟು ನೋಡಿಕೊಳ್ಳುವವರು, ವಿಕಿ ಕಾಯುವವರು, ಎಲ್ಲರೂ ಬ್ಯಾನ್ ಮಾಡಬೇಕೆಂದುಕೊಳ್ಳುವುದು ಒಬ್ಬ ವ್ಯಕ್ತಿಯನ್ನು. ಅವರ ಕೈಗೆ ಸಿಗುವುದು ಆ ವ್ಯಕ್ತಿ ಬಂದ ದಾರಿ ಮಾತ್ರ. ದಾರಿ ಬದಲಿಸುವುದು ಅವನಿಗೆ ಒಂದು ನಿಮಿಷದ ಕೆಲಸ. ಮುಚ್ಚಿದ ದಾರಿಯಲ್ಲಿ ಆಮೇಲೆ ಬಂದು ಸಿಕ್ಕಿಹಾಕಿಕೊಳ್ಳುವವರು ಬೇರೆಯವರು. ಈ ಲೆಕ್ಕವನ್ನು ಬಿಡಿಸಿ ನೋಡದೆ "ಪ್ರಾಕ್ಸಿ ಬ್ಲಾಕ್ ಮಾಡುವುದು ಹೇಗೆ" ಎಂದು ಕೇಳಿದರೆ ಉತ್ತರ ತಪ್ಪಾಗಿಯೇ ಬರುತ್ತದೆ.

ಮೊದಲು ವೆಬ್ ಪ್ರಾಕ್ಸಿಯನ್ನೇ ಹತ್ತಿರದಿಂದ ನೋಡೋಣ. ಆರ್ಕುಟ್ ಕಾಲದಲ್ಲಿ ಕಾಲೇಜಿನ ಲ್ಯಾಬಿನಲ್ಲೋ ಕಂಪನಿಯ ಕ್ಯುಬಿಕಲ್ಲಿನಲ್ಲೋ ಕೂತವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ವೆಬ್ ಪುಟ, ನಡುವೆ ಒಂದು ಪೆಟ್ಟಿಗೆ, ಅದರಲ್ಲಿ ಹೋಗಬೇಕಾದ ತಾಣದ ವಿಳಾಸ ಟೈಪ್ ಮಾಡಿ ಒತ್ತಿದರೆ ಆಯಿತು. ಪ್ರಾಕ್ಸಿಯ ಸರ್ವರ್ ನಿಮ್ಮ ಪರವಾಗಿ ಆ ತಾಣಕ್ಕೆ ಹೋಗಿ, ಪುಟವನ್ನು ತಂದು, ಅದರೊಳಗಿನ ಪ್ರತಿ ಕೊಂಡಿಯನ್ನೂ ತನ್ನ ಕಡೆಗೆ ತಿರುಗಿಸಿ ಬರೆದು ನಿಮಗೆ ಕೊಡುತ್ತದೆ. ಸಿಜಿಐಪ್ರಾಕ್ಸಿ, ಪಿಎಚ್‌ಪ್ರಾಕ್ಸಿ, ಗ್ಲೈಪ್ ಮುಂತಾದ ಪುಕ್ಕಟೆ ಸ್ಕ್ರಿಪ್ಟುಗಳು ಸಿಗುತ್ತಿದ್ದುದರಿಂದ ತಿಂಗಳಿಗೆ ನೂರಿನ್ನೂರು ರೂಪಾಯಿ ಹೋಸ್ಟಿಂಗ್ ಇದ್ದ ಯಾರು ಬೇಕಾದರೂ ಇಂಥದ್ದೊಂದನ್ನು ತೆರೆಯಬಹುದಿತ್ತು. ಇವತ್ತು ಒಂದನ್ನು ಪಟ್ಟಿಗೆ ಸೇರಿಸಿ ಮುಚ್ಚಿದರೆ ನಾಳೆ ಬೆಳಗ್ಗೆ ಇನ್ನೆರಡು.

ಫೋರಂನ ಸರ್ವರಿನ ಲಾಗ್ ತೆರೆದರೆ ಅಲ್ಲಿ ಕಾಣುವುದು ಪ್ರಾಕ್ಸಿಯ ವಿಳಾಸ, ಬಳಕೆದಾರನದಲ್ಲ. ಕೆಲವು ಪ್ರಾಕ್ಸಿಗಳು ಪ್ರಾಮಾಣಿಕವಾಗಿರುತ್ತವೆ: "ಎಕ್ಸ್-ಫಾರ್ವರ್ಡೆಡ್-ಫಾರ್" ಎಂಬ ಹೆಡರಿನಲ್ಲಿ ಮೂಲ ವಿಳಾಸವನ್ನೂ ಸೇರಿಸಿ ಕಳಿಸುತ್ತವೆ. ಕತಾರ್ ಪ್ರಕರಣದಂಥ ತೊಡಕು ಬಗೆಹರಿಸಿಕೊಳ್ಳಲು ವಿಕಿಪೀಡಿಯ ನೆಚ್ಚಿಕೊಂಡದ್ದು ಇದನ್ನೇ. ನಂಬಬಹುದಾದ ಸೇವಾದಾರರು ಈ ಹೆಡರ್ ಕಳಿಸಿದರೆ ಒಳಗಿನ ವಿಳಾಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಏರ್ಪಾಡು ಮಾಡಿತು. ಅಮೆರಿಕದ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯ ಗ್ರಾಹಕರದ್ದೂ ಹಿಂದೆ ಇದೇ ಗೋಳು. ಆದರೆ ನಂಬಿಕೆ ಎಂಬ ಮಾತು ಇಲ್ಲಿ ಮುಖ್ಯ. ಹೆಡರ್ ಎಂದರೆ ಕಳಿಸುವವನು ತಾನೇ ಬರೆದ ಸಾಲು, ಅದರಲ್ಲಿ ಸುಳ್ಳು ವಿಳಾಸವನ್ನೂ ಬರೆಯಬಹುದು. ಗೊತ್ತಿಲ್ಲದ ಪ್ರಾಕ್ಸಿಯ ಹೆಡರನ್ನು ನಂಬಿ ತಡೆ ಹಾಕುವ ನಿರ್ವಾಹಕ ಯಾರದೋ ಮನೆಯ ವಿಳಾಸಕ್ಕೆ ಬೀಗ ಜಡಿದಿರುತ್ತಾನೆ.

ಪುಟವನ್ನು ತಿದ್ದಿ ಬರೆಯುವ ಪ್ರಾಕ್ಸಿಗೆ ಒಂದು ದೌರ್ಬಲ್ಯ ಇದೆ. ಬಳಕೆದಾರನ ಬ್ರೌಸರಿನ ಅಡ್ರೆಸ್ ಬಾರಿನಲ್ಲಿ ಫೋರಂನ ಹೆಸರು ಇರುವುದಿಲ್ಲ, ಪ್ರಾಕ್ಸಿಯದ್ದಿರುತ್ತದೆ. ಹಾಗಾಗಿ ಪುಟದಲ್ಲಿ ಎರಡು ಸಾಲಿನ ಜಾವಾಸ್ಕ್ರಿಪ್ಟ್ ಇಟ್ಟು, "ನಾನು ಈಗ ಯಾವ ಡೊಮೇನಿನಲ್ಲಿ ತೆರೆದುಕೊಂಡಿದ್ದೇನೆ" ಎಂದು ಪುಟವೇ ನೋಡಿಕೊಳ್ಳುವಂತೆ ಮಾಡಬಹುದು. ಹೆಸರು ಹೊಂದದಿದ್ದರೆ ಬರೆಯುವ ಪೆಟ್ಟಿಗೆಯನ್ನು ತೋರಿಸದಿದ್ದರಾಯಿತು. ಜಾವಾಸ್ಕ್ರಿಪ್ಟನ್ನೇ ಕಿತ್ತುಹಾಕುವ ಪ್ರಾಕ್ಸಿ ಬಂದರೆ, ಪೋಸ್ಟ್ ಕಳಿಸಲು ಬೇಕಾದ ಟೋಕನ್ (ಗುರುತಿನ ಸಂಕೇತ) ಅದೇ ಸ್ಕ್ರಿಪ್ಟಿನಿಂದ ಹುಟ್ಟುವಂತೆ ಮಾಡಿದರೆ ಸಾಕು, ಓದಬಹುದು, ಬರೆಯಲಾಗದು. ಓದಲು ಬಿಟ್ಟು ಬರೆಯಲು ಬಿಡದಿರುವುದು ನನ್ನ ಪ್ರಕಾರ ಒಳ್ಳೆಯ ವಿನ್ಯಾಸವೂ ಹೌದು. ಬ್ಯಾನ್ ಆದವನು ಓದಿದರೆ ಯಾರಿಗೆ ಏನು ನಷ್ಟ?

ಇನ್ನೊಂದು ವಿಷಯವನ್ನು ಪ್ರಾಕ್ಸಿ ಹಿಡಿದವರು ಯೋಚಿಸುವುದೇ ಇಲ್ಲ. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತು ಪ್ರಾಕ್ಸಿಯ ಡೊಮೇನಿಗೆ ಸೇರಿದ್ದು. ಬಳಕೆದಾರ ಟೈಪ್ ಮಾಡಿದ ಪಾಸ್‌ವರ್ಡ್ ಅಲ್ಲಿಯವರೆಗೆ ಗೂಢಲಿಪಿಯಲ್ಲಿ ಹೋಗಿ, ಪ್ರಾಕ್ಸಿಯ ಸರ್ವರಿನೊಳಗೆ ಬಿಚ್ಚಿಕೊಂಡು, ಮತ್ತೆ ಮುಚ್ಚಿಕೊಂಡು ಫೋರಂಗೆ ಹೋಗುತ್ತದೆ. ನಡುವೆ ಕೂತವನು ಬೇಕೆಂದರೆ ಅದನ್ನು ಬರೆದಿಟ್ಟುಕೊಳ್ಳಬಹುದು. ಪುಕ್ಕಟೆ ಪ್ರಾಕ್ಸಿಯಲ್ಲಿ ಜಿಮೇಲ್ ತೆರೆಯುವ ಧೈರ್ಯ ಮಾಡುವವರನ್ನು ಕಂಡರೆ ನನಗೆ ಈಗಲೂ ಗಾಬರಿ.

ವೆಬ್ ಪ್ರಾಕ್ಸಿ ಈ ಆಟದ ಕೆಳಗಿನ ಮೆಟ್ಟಿಲು. ಅದರ ಮೇಲೆ ತೆರೆದ ಪ್ರಾಕ್ಸಿಗಳಿವೆ: ಯಾರದೋ ಸರ್ವರಿನಲ್ಲಿ 3128, 8080, 1080ರಂಥ ಪೋರ್ಟುಗಳು, ಅಂದರೆ ಸಂಪರ್ಕದ ಬಾಗಿಲುಗಳು, ಎಲ್ಲರಿಗೂ ತೆರೆದುಕೊಂಡಿರುತ್ತವೆ. ಇವನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವವರಿದ್ದಾರೆ. ವಿಕಿಮೀಡಿಯದ ಯೋಜನೆಗಳಲ್ಲಂತೂ ತೆರೆದ ಪ್ರಾಕ್ಸಿಗಳಿಂದ ಸಂಪಾದನೆ ಮಾಡಬಾರದೆಂಬ ಜಾಗತಿಕ ನಿಯಮವೇ ಇದೆ. ಗುರುತು ಮುಚ್ಚಲು ಹಲವು ಯಂತ್ರಗಳನ್ನು ದಾಟಿಸಿ ಕಳಿಸುವ ಟಾರ್ ಜಾಲವನ್ನು ತಡೆಯುವುದು ಇನ್ನೂ ಸುಲಭ. ಅದರಿಂದ ಹೊರಬರುವ ಯಂತ್ರಗಳ ಪಟ್ಟಿಯನ್ನು ಟಾರ್ ಯೋಜನೆಯವರೇ ಪ್ರಕಟಿಸುತ್ತಾರೆ. ವಿಪಿಎನ್‌ಗಳಲ್ಲಿ (ಬಳಕೆದಾರನ ಓಡಾಟವನ್ನೆಲ್ಲ ತಮ್ಮ ಸರ್ವರಿನ ಮೂಲಕ ಗೂಢವಾಗಿ ಕಳಿಸುವ ಸೇವೆಗಳಲ್ಲಿ) ಬಹುಪಾಲು ಡೇಟಾ ಸೆಂಟರುಗಳಲ್ಲಿ ಬಾಡಿಗೆಗೆ ಹಿಡಿದ ಸರ್ವರುಗಳು, ಆ ಡೇಟಾ ಸೆಂಟರಿನ ಇಡೀ ವಿಳಾಸಗುಚ್ಛಕ್ಕೆ ತಡೆ ಹಾಕಿದರೆ ಮುಗಿಯಿತು. ಸಾಮಾನ್ಯ ಓದುಗ ಡೇಟಾ ಸೆಂಟರಿನಲ್ಲಿ ಕೂತು ಕನ್ನಡ ಸಿನಿಮಾದ ಬಗ್ಗೆ ಜಗಳ ಆಡುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಇಲ್ಲಿಯವರೆಗೆ ಕಾಯುವವರ ಕೈ ಮೇಲೆಯೇ ಇತ್ತು.

ಕೈ ಕೆಳಗಾದದ್ದು "ರೆಸಿಡೆನ್ಷಿಯಲ್ ಪ್ರಾಕ್ಸಿ" ಎಂಬ ವ್ಯಾಪಾರ ಶುರುವಾದ ಮೇಲೆ. ಇಲ್ಲಿ ಮಾರಾಟಕ್ಕಿರುವುದು ಸಾಮಾನ್ಯ ಜನರ ಮನೆಯ ಇಂಟರ್‌ನೆಟ್ ಸಂಪರ್ಕ. ಪುಕ್ಕಟೆ ವಿಪಿಎನ್ ಎಂದು ಹಾಕಿಕೊಂಡ ಆ್ಯಪ್, ಹಿನ್ನೆಲೆಯಲ್ಲಿ ನಿಮ್ಮ ಕಂಪ್ಯೂಟರನ್ನೇ ಇನ್ನೊಬ್ಬರ ಹೊರದಾರಿಯಾಗಿ ಬಾಡಿಗೆಗೆ ಕೊಡುತ್ತದೆ. 2015ರಲ್ಲಿ ಹೋಲಾ ಎಂಬ ಜನಪ್ರಿಯ ಪುಕ್ಕಟೆ ಸೇವೆಯ ಬಂಡವಾಳ ಹೊರಬಿದ್ದದ್ದೇ ಒಂದು ಚರ್ಚಾತಾಣದ ಮೇಲಿನ ದಾಳಿಯಿಂದ. 8ಚಾನ್ ತಾಣಕ್ಕೆ ಪೋಸ್ಟುಗಳ ಮಹಾಪೂರ ಬಂದಾಗ, ಅವು ಹೋಲಾ ಬಳಕೆದಾರರ ಯಂತ್ರಗಳಿಂದ, ಲುಮಿನಾಟಿ ಎಂಬ ಅದರ ಮಾರಾಟ ಶಾಖೆಯ ಮೂಲಕ ಬಂದಿವೆ ಎಂದು ತಾಣದ ಸ್ಥಾಪಕ ಬಹಿರಂಗಪಡಿಸಿದ. ಅದಕ್ಕಿಂತ ದೊಡ್ಡದು 911 ಎಸ್5. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನು ಮುಚ್ಚಿಸಿ ನಡೆಸುತ್ತಿದ್ದವನನ್ನು ಬಂಧಿಸಿದಾಗ ಹೊರಬಂದ ಲೆಕ್ಕ: 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳು, 190ಕ್ಕೂ ಹೆಚ್ಚು ದೇಶಗಳು. ಅಷ್ಟೂ ಜನರಿಗೆ ತಮ್ಮ ಮನೆಯ ಸಂಪರ್ಕ ಮಾರಾಟವಾಗಿದೆ ಎಂಬುದೇ ಗೊತ್ತಿರಲಿಲ್ಲ.

ಫೋರಂ ನಡೆಸುವವನ ಕಣ್ಣಿಗೆ ಈ ವಿಳಾಸಗಳು ಹಾಸನದ ಒಬ್ಬ ಮೇಷ್ಟ್ರು, ಅಕ್ರಾದ ಒಬ್ಬ ವಿದ್ಯಾರ್ಥಿನಿ, ಹ್ಯೂಸ್ಟನ್ನಿನ ಒಬ್ಬ ನಿವೃತ್ತ ಅಷ್ಟೇ. ಹೀಗೆ ತಡೆ ಹಾಕಿದರೆ ಬ್ಯಾನ್ ಆದವನು ಮುಂದಿನ ಮನೆಗೆ ಹಾರುತ್ತಾನೆ, ಮೇಷ್ಟ್ರು ಹೊರಗುಳಿಯುತ್ತಾರೆ. ವಿಕಿಪೀಡಿಯದಲ್ಲಿ ಇದು ನಿಜವಾಗಿಯೇ ನಡೆಯಿತು. ಆಫ್ರಿಕದ ದೇಶಗಳ ಸಂಪಾದಕರು 2022ರ ಹೊತ್ತಿಗೆ ಬಹಿರಂಗವಾಗಿ ದೂರತೊಡಗಿದರು. ನಾವು ಯಾವ ಪ್ರಾಕ್ಸಿಯನ್ನೂ ಬಳಸುತ್ತಿಲ್ಲ, ಮೊಬೈಲಿನಲ್ಲಿ ಬರೆಯಲು ಕೂತರೆ "ನಿಮ್ಮ ವಿಳಾಸ ತೆರೆದ ಪ್ರಾಕ್ಸಿ" ಎಂಬ ಸಂದೇಶ ಬರುತ್ತದೆ ಎಂಬುದು ಅವರ ಅಳಲು. ಕಾರ್ಯಾಗಾರಕ್ಕೆಂದು ಹೊಸಬರನ್ನು ಕರೆತಂದು ಕೂರಿಸಿದರೆ ಮೊದಲ ಅರ್ಧ ದಿನ ತಡೆ ತೆಗೆಸುವುದರಲ್ಲೇ ಕಳೆಯುವ ಸ್ಥಿತಿ.

ಭಾರತದ ಕಥೆ ಇದಕ್ಕಿಂತ ಬೇರೆಯಲ್ಲ, ಅದಕ್ಕೆ ಒಂದು ಗಟ್ಟಿ ಕಾರಣ ಇದೆ. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸೇರಿ ಸುಮಾರು 430 ಕೋಟಿ. ಇಂಟರ್‌ನೆಟ್ ಮೊದಲು ಹಬ್ಬಿದ ದೇಶಗಳು ಬಾಚಿಕೊಂಡದ್ದು ಹೋಗಿ ಉಳಿದದ್ದರಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದ ಪಾಲು 2011ರ ಏಪ್ರಿಲ್‌ನಲ್ಲೇ ಬಹುತೇಕ ಖಾಲಿಯಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಕೋಟಿಗಟ್ಟಲೆ ಜನ ಮೊಬೈಲ್ ಡೇಟಾಕ್ಕೆ ಇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಹಳೆ ವಿಳಾಸ ಎಲ್ಲಿಂದ ತರುವುದು? ನೂರಾರು, ಸಾವಿರಾರು ಚಂದಾದಾರರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲುತ್ತಾರೆ. ಕ್ಯಾರಿಯರ್-ಗ್ರೇಡ್ ನ್ಯಾಟ್ ಎನ್ನುವುದು ಇದಕ್ಕೇ. ಒಂದರ್ಥದಲ್ಲಿ ಕತಾರಿನ ಪ್ರಾಕ್ಸಿಯೇ ಹೊಸ ವೇಷದಲ್ಲಿ ನಮ್ಮ ಜೇಬಿನೊಳಗೆ ಬಂದಿದೆ.

ಇದರಲ್ಲಿ ಒಂದು ವಿಚಿತ್ರ ಇದೆ. ನಮ್ಮಲ್ಲಿ ಬ್ಯಾನ್ ಆದವನಿಗೆ ಪ್ರಾಕ್ಸಿಯೇ ಬೇಕಿಲ್ಲ. ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ಹಲವು ಸಲ ವಿಳಾಸ ಬದಲಾಗಿರುತ್ತದೆ. ಅವನು ಬಿಟ್ಟುಹೋದ ಹಳೆಯ ವಿಳಾಸ ಅಷ್ಟರಲ್ಲಿ ಇನ್ಯಾರಿಗೋ ಸಿಕ್ಕಿರುತ್ತದೆ, ತಡೆಯ ಸಮೇತ. ದಾವಣಗೆರೆಯಲ್ಲಿ ಕೂತು ಮೊದಲ ಸಲ ಖಾತೆ ತೆರೆಯಲು ಬಂದ ಹುಡುಗಿಗೆ "ನಿಮ್ಮನ್ನು ನಿಷೇಧಿಸಲಾಗಿದೆ" ಎಂಬ ಸ್ವಾಗತ. ಅವಳು ಅಪೀಲು ಬರೆಯುವುದಿಲ್ಲ, ಟ್ಯಾಬ್ ಮುಚ್ಚಿ ಹೋಗುತ್ತಾಳೆ.

ಹೊಸ ಮಾದರಿಯ, ಅಂದರೆ ಐಪಿವಿ6 ವಿಳಾಸಗಳು ಇದಕ್ಕೆ ಮದ್ದಾಗಬೇಕಿತ್ತು. ಭಾರತ ಅದರ ಬಳಕೆಯಲ್ಲಿ ಮುಂಚೂಣಿಯಲ್ಲೂ ಇದೆ. ಅರ್ಧ ಮದ್ದಾಗಿದೆ ಎನ್ನಬಹುದು. ಅಲ್ಲಿ ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ವಿಳಾಸ ಅಲ್ಲ, ಸ್ಲ್ಯಾಶ್ 64 ಎನ್ನುವ ಒಂದು ಇಡೀ ಗುಚ್ಛ: 18ರ ಮುಂದೆ 18 ಸೊನ್ನೆ ಇಟ್ಟಷ್ಟು ವಿಳಾಸಗಳು. ಇದು ಗೊತ್ತಿಲ್ಲದ ನಿರ್ವಾಹಕರು ಬಿಡಿ ವಿಳಾಸಗಳನ್ನು ಒಂದೊಂದಾಗಿ ಬ್ಯಾನ್ ಮಾಡುತ್ತ ಕೂರುತ್ತಾರೆ, ಅದು ಮುಗಿಯುವ ಕೆಲಸವಲ್ಲ. ಗೊತ್ತಿರುವವರು ಸ್ಲ್ಯಾಶ್ 64ಕ್ಕೇ ತಡೆ ಹಾಕುತ್ತಾರೆ. ಮೊಬೈಲಿನಲ್ಲಿ ಆ ಗುಚ್ಛವೇ ಬದಲಾಗುತ್ತ ಹೋದರೆ ಇನ್ನೂ ದೊಡ್ಡ ಗುಚ್ಛಕ್ಕೆ ಕೈ ಹಾಕಬೇಕಾಗುತ್ತದೆ, ಅಲ್ಲಿಗೆ ಮತ್ತೆ ಎಮ್ಮೆಗೆ ಬರೆ. ವಿಕಿಪೀಡಿಯದ ತಂತ್ರಾಂಶ ಹಳೆ ಮಾದರಿಯಲ್ಲಿ ಒಂದೇ ಏಟಿಗೆ 65,536 ವಿಳಾಸಗಳವರೆಗೆ ತಡೆ ಹಾಕಲು ಬಿಡುತ್ತದೆ. ಒಬ್ಬ ಸ್ವಯಂಸೇವಕನ ಕೈಯಲ್ಲಿ ಅಷ್ಟು ದೊಡ್ಡ ಬಟನ್ ಇದೆ ಎಂಬುದನ್ನು ನೆನೆದರೆ, ಕತಾರ್ ಪ್ರಕರಣ ಇನ್ನೂ ಹೆಚ್ಚು ಸಲ ಮರುಕಳಿಸದೆ ಇದ್ದದ್ದೇ ಆಶ್ಚರ್ಯ.

ವಿಳಾಸ ನೋಡಿ ದೇಶ ಊಹಿಸುವುದೂ ಈಗ ಕಷ್ಟ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಎಕ್ಸ್‌ಪ್ರೆಸ್‌ವಿಪಿಎನ್ ಮೊದಲಾದ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಎತ್ತಿಕೊಂಡು ಹೋದವು. "ಭಾರತ" ಎಂದು ತೋರಿಸುವ ವಿಳಾಸ ಬೇಕಾದ ಗ್ರಾಹಕರಿಗೆ ಸಿಂಗಪುರದಲ್ಲಿ, ಬ್ರಿಟನ್ನಿನಲ್ಲಿ ಕೂತ ಯಂತ್ರಗಳಿಂದಲೇ ಅದನ್ನು ಕೊಡತೊಡಗಿದವು. ಇತ್ತ ಆ್ಯಪಲ್ 2021ರಲ್ಲಿ ತಂದ ಪ್ರೈವೇಟ್ ರಿಲೇ, ಕದ್ದುಮುಚ್ಚಿ ಮಾಡುವ ಉದ್ದೇಶವೇ ಇಲ್ಲದ ಐಫೋನ್ ಬಳಕೆದಾರರನ್ನೂ ಒಂದು ಬಗೆಯ ಪ್ರಾಕ್ಸಿಯ ಹಿಂದೆ ನಿಲ್ಲಿಸಿತು. ಪ್ರಾಕ್ಸಿ ಬಳಸುವವನು ಎಂದರೆ ಏನೋ ಮುಚ್ಚಿಡುವವನು ಎಂಬ ಹಳೆಯ ಸಮೀಕರಣ ಅಲ್ಲಿಗೆ ಮುರಿದುಬಿತ್ತು.

ಐಪಿ ತಡೆ ಪೂರ್ತಿ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ವಿಳಾಸ ಸ್ಥಿರವಾಗಿರುವ ಕಡೆ, ಅಂದರೆ ಕಚೇರಿ, ಶಾಲೆ, ಸಂಸ್ಥೆಗಳ ವಿಷಯದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚರ್ಚ್ ಆಫ್ ಸೈಂಟಾಲಜಿಗೆ ಸೇರಿದ ವಿಳಾಸಗಳಿಗೆ ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಸಮಿತಿ 2009ರ ಮೇನಲ್ಲಿ ತಡೆ ಹಾಕಿತು. 2014ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ವಿಳಾಸದಿಂದ ಕಿತಾಪತಿ ನಡೆದಾಗ ಅದಕ್ಕೂ ಹತ್ತು ದಿನಗಳ ತಡೆ ಬಿತ್ತು. ಯಾವುದೋ ಒಂದು ರಾತ್ರಿ ಸ್ಪ್ಯಾಮ್ ಸುರಿಯುತ್ತಿದ್ದರೆ ಒಂದೆರಡು ಗಂಟೆ ಉಸಿರಾಡಲು ಸಹ ಇದು ಬೇಕು. ವರ್ಷಗಟ್ಟಲೆ, "ಶಾಶ್ವತ"ವೆಂದು ಮೊಬೈಲ್ ಕಂಪನಿಯ ವಿಳಾಸಕ್ಕೆ ಹಾಕುವ ತಡೆಯ ಬಗ್ಗೆ ನನ್ನ ತಕರಾರು.

ವಿಳಾಸ ಕೈಕೊಟ್ಟರೆ ಯಂತ್ರವನ್ನು ಗುರುತಿಸೋಣ ಎನ್ನುವವರಿದ್ದಾರೆ. ಬ್ರೌಸರಿನಲ್ಲಿ ಕುಕಿ ಎಂಬ ಚಿಕ್ಕ ಗುರುತಿನ ಕಡತ ಇಡುವುದು ಅದರಲ್ಲಿ ಸರಳ, ಅಳಿಸುವುದು ಅದಕ್ಕಿಂತ ಸರಳ. ಬ್ರೌಸರಿನ ಬೆರಳಚ್ಚು ಎನ್ನುವುದು ಇನ್ನೊಂದು: ಪರದೆಯ ಅಳತೆ, ಫಾಂಟುಗಳು, ಭಾಷೆ, ಸಮಯವಲಯ, ಗ್ರಾಫಿಕ್ಸ್ ಚಿಪ್ಪಿನ ನಡವಳಿಕೆ, ಎಲ್ಲ ಸೇರಿಸಿ ಗುರುತು ಹಿಡಿಯುವುದು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರಿಶೀಲಿಸಿದಾಗ ಶೇ 83.6ರಷ್ಟು ಒಂದಕ್ಕೊಂದು ಹೋಲದಷ್ಟು ಭಿನ್ನವಾಗಿದ್ದವು. ಆದರೆ ಅದು ಡೆಸ್ಕ್‌ಟಾಪ್ ಕಾಲ. ಒಂದೇ ಮಾದರಿಯ ಅಗ್ಗದ ಆಂಡ್ರಾಯ್ಡ್ ಫೋನು ಲಕ್ಷಾಂತರ ಜನರ ಕೈಯಲ್ಲಿರುವಾಗ, ಎಲ್ಲವೂ ಅದೇ ಕ್ರೋಮ್, ಅದೇ ಪರದೆ, ಅದೇ ಸಮಯವಲಯ ಎಂದಾಗ, ಬೆರಳಚ್ಚು ಮಸುಕಾಗುತ್ತದೆ.

ಫೋನ್ ನಂಬರಿಗೆ ಒಟಿಪಿ ಕಳಿಸುವುದು ನಮ್ಮಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ. ಪರಿಣಾಮಕಾರಿ ಹೌದು. ಹೊಸ ಸಿಮ್ ತರುವುದಕ್ಕೆ ಗುರುತಿನ ದಾಖಲೆ ತೋರಿಸಬೇಕು, ಹತ್ತು ಖಾತೆಗೆ ಹತ್ತು ಸಿಮ್ ತರುವಷ್ಟು ದ್ವೇಷ ಬಹಳ ಜನರಿಗೆ ಇರುವುದಿಲ್ಲ. ಆದರೆ ನಂಬರ್ ಇಸಕೊಂಡ ಕ್ಷಣದಿಂದ ಅದನ್ನು ಕಾಪಾಡುವ ಹೊಣೆ ನಿಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಅದನ್ನೇ. ಇಟ್ಟುಕೊಂಡದ್ದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ, ಲೇಖನ ತಿದ್ದಿದ ಮೂವರ ವಿವರ ಒದಗಿಸುವಂತೆ ದೆಹಲಿ ಹೈಕೋರ್ಟು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ನಿಗೆ ಹೇಳಿದ್ದು ನೆನಪಿರಬಹುದು. ಜಾತಿ ದೌರ್ಜನ್ಯದ ಬಗ್ಗೆ, ಊರಿನ ಮರಳು ದಂಧೆಯ ಬಗ್ಗೆ, ತನ್ನದೇ ಕಂಪನಿಯ ಬಗ್ಗೆ ಬೇರೆ ಹೆಸರಿನಲ್ಲಿ ಬರೆಯುವವರಿಗೆ ನಂಬರ್ ಕೊಡಿ ಎಂದರೆ ಅವರು ಬರುವುದೇ ಇಲ್ಲ. ಒಬ್ಬ ಕಿಡಿಗೇಡಿಯನ್ನು ಹೊರಗಿಡಲು ತೆರುವ ಬೆಲೆ ಇದು. ಅದಕ್ಕೆ ಒಪ್ಪುವ ಗುಂಪುಗಳೂ ಇರಬಹುದು, ಷೇರು ವ್ಯವಹಾರದ ತಾಣಕ್ಕೆ ಅದು ಸರಿಯೇ. ಸಾಹಿತ್ಯ, ರಾಜಕೀಯದ ಹರಟೆಕಟ್ಟೆಗೆ ಅಲ್ಲ.

ಕೋರ್ಟಿಗೆ ಹೋಗುವ ದಾರಿಯ ಬಗ್ಗೆ ಎರಡು ಮಾತು ಸಾಕು. ಐಪಿ ತಡೆ ಹಾಕಿ, ಬರಬೇಡಿ ಎಂದು ಪತ್ರವನ್ನೂ ಬರೆದ ಮೇಲೆ ಪ್ರಾಕ್ಸಿ ಬಳಸಿ ಒಳಬಂದರೆ ಅದು ಅನಧಿಕೃತ ಪ್ರವೇಶವಾಗಬಹುದು ಎಂದು ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣ ಮತ್ತು ಅದರ ಜಾಹೀರಾತುಗಳನ್ನು ನಕಲಿಸುತ್ತಿದ್ದ 3ಟ್ಯಾಪ್ಸ್ ಕಂಪನಿಯ ಪ್ರಕರಣದಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ 2013ರಲ್ಲಿ ಹೇಳಿತು. ಅದು ಕಂಪನಿ ಮತ್ತು ಕಂಪನಿಯ ನಡುವಿನ ವ್ಯಾಜ್ಯ. ರಾತ್ರಿ ಹನ್ನೊಂದಕ್ಕೆ ಹೊಸ ಖಾತೆ ತೆರೆದು ಬೈಯುವವನ ಮೇಲೆ ಯಾವ ಚರ್ಚಾತಾಣವೂ ವಕೀಲರಿಗೆ ಫೀಸು ಕೊಟ್ಟು ಕೂರುವುದಿಲ್ಲ.

ಹಾಗಿದ್ದರೆ ಮರಳಿ ಬಂದವನನ್ನು ಗುರುತಿಸುವುದು ಹೇಗೆ? ವರ್ಷಗಟ್ಟಲೆ ಈ ಕೆಲಸ ಮಾಡಿದವರು ಹೇಳುವುದು ಒಂದೇ: ಅವನು ವಿಳಾಸ ಬದಲಿಸುತ್ತಾನೆ, ಚಾಳಿ ಬದಲಿಸುವುದಿಲ್ಲ. ವಿಕಿಪೀಡಿಯದಲ್ಲಿ ಇಂಥ ನಕಲಿ ಖಾತೆಗಳ ತನಿಖೆಗೆ ಪ್ರತ್ಯೇಕ ಪುಟವೇ ಇದೆ. ಐಪಿ ವಿವರ ನೋಡುವ ಅಧಿಕಾರ ಬೆರಳೆಣಿಕೆಯ ಪರೀಕ್ಷಕರಿಗೆ ಮಾತ್ರ, ಆ ದಾಖಲೆಯೂ ಸುಮಾರು 90 ದಿನ ಮಾತ್ರ ಉಳಿಯುತ್ತದೆ. ಅಂಥ ಪರೀಕ್ಷಕರಿಲ್ಲದ ಚಿಕ್ಕ ವಿಕಿಗಳ ಪರವಾಗಿ ಸ್ಟೀವರ್ಡ್ ಎನ್ನುವ ಜಾಗತಿಕ ಸ್ವಯಂಸೇವಕರು ನೋಡುತ್ತಾರೆ. ಹಾಗಾಗಿ ದೂರು ಕೊಡುವವರು ಮುಂದಿಡಬೇಕಾದದ್ದು ನಡವಳಿಕೆಯ ಪುರಾವೆ: ಅದೇ ಪುಟ, ಅದೇ ವಾದ, ಅದೇ ತಪ್ಪು.

ಕನ್ನಡದಲ್ಲಿ ಈ ಪುರಾವೆ ಇನ್ನೂ ದಟ್ಟವಾಗಿ ಸಿಗುತ್ತದೆ ಎಂಬುದು ನನ್ನ ಗಮನಿಕೆ. ಟೈಪಿಂಗಿನ ಅಭ್ಯಾಸ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು. "ಬೆಂಗಳೂರು" ಎಂದು ಬರೆಯುವಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕೆ ಸೊನ್ನೆಯನ್ನೇ ಒತ್ತಿ "ಬೆ೦ಗಳೂರು" ಮಾಡುವವರಿದ್ದಾರೆ. ಕಣ್ಣಿಗೆ ಎರಡೂ ಒಂದೇ, ಹುಡುಕಲು ಹೋದರೆ ಮಾತ್ರ ಸಿಗುವುದಿಲ್ಲ. ಅರ್ಕಾವೊತ್ತು ಮೂಡಿಸಲು ತಿಳಿಯದೆ ಒಂಬತ್ತರ ಅಂಕೆ ಹಾಕಿ "ಕನಾ೯ಟಕ", "ಅಥ೯" ಎಂದು ಬರೆಯುವವರು ಇನ್ನೊಂದು ಗುಂಪು. "ಸಾಫ್ಟ್‌ವೇರ್" ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವನ್ನು ಕೆಲವರು ತಪ್ಪದೆ ಹಾಕುತ್ತಾರೆ, ಕೆಲವರ ಬರಹದಲ್ಲಿ ವಕಾರ ಹೋಗಿ ಟಕಾರದ ಕಾಲ ಕೆಳಗೆ ಕೂತಿರುತ್ತದೆ. ಇದಕ್ಕೆ "ಬರತ್ತೆ", "ಬರುತ್ತೆ", "ಬರುತ್ತದೆ"ಗಳಲ್ಲಿ ಯಾವುದು, ಹಕಾರ ಎಲ್ಲಿ ನುಂಗುತ್ತಾರೆ, ಪ್ರಶ್ನಾರ್ಥಕದ ಹಿಂದೆ ಜಾಗ ಬಿಡುತ್ತಾರೋ ಇಲ್ಲವೋ, ಎಲ್ಲ ಸೇರಿಸಿ. ಪ್ರಾಕ್ಸಿ ಎಷ್ಟೇ ಒಳ್ಳೆಯದಿರಲಿ, ಇದ್ಯಾವುದನ್ನೂ ತೊಳೆಯುವುದಿಲ್ಲ.

ಇಲ್ಲೂ ಕೈ ತಡೆಯಬೇಕಾದ ಜಾಗ ಇದೆ. ಒಂದೇ ಕಾಲೇಜಿನಲ್ಲಿ ಒಂದೇ ಕೀಲಿಮಣೆ ಕಲಿತ ಇಪ್ಪತ್ತು ಜನರಿಗೆ ಒಂದೇ ತಪ್ಪು ಬರುತ್ತದೆ. ಧಾರವಾಡದ ಇಬ್ಬರು ಒಂದೇ ಧಾಟಿಯಲ್ಲಿ ಬರೆದರೆ ಅವರಿಬ್ಬರೂ ಒಬ್ಬನೇ ಅಲ್ಲ. ಆಡುಮಾತಿನ ಕನ್ನಡ ಕಂಡ ಕೂಡಲೇ "ಅವನೇ ಇವನು" ಎಂದು ಬೆಂಗಳೂರಿನ ನಿರ್ವಾಹಕ ತೀರ್ಮಾನಿಸಿದರೆ ಬೀಳುವುದು ಇನ್ನೊಂದು ಬಗೆಯ ಬರೆ. ಬರಹದ ಗುರುತು, ಬರುವ ಹೊತ್ತು, ಕೆಣಕುವ ವಿಷಯ, ಈ ಮೂರೂ ಕೂಡಿದಾಗಷ್ಟೇ ಮಾತು.

ಗುರುತಿಸಿ ಹೊರಹಾಕಿದ ಮೇಲೂ ಅವನು ಇನ್ನೊಂದು ಖಾತೆ ತೆರೆಯುತ್ತಾನೆ. ಆದ್ದರಿಂದ ಖಾತೆ ಹುಟ್ಟಿದ ಕೂಡಲೇ ಅದಕ್ಕೆ ಎಷ್ಟು ಬಲ ಇರಬೇಕು ಎಂಬುದೇ ನನಗೆ ಇಡೀ ವಿಷಯದ ತಿರುಳಾಗಿ ಕಾಣುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅರೆ-ಸಂರಕ್ಷಿತ (ತೀರಾ ಹೊಸಬರಿಗೆ ಮುಚ್ಚಿದ) ಪುಟ ತಿದ್ದಲು ಖಾತೆಗೆ ನಾಲ್ಕು ದಿನ ತುಂಬಿರಬೇಕು, ಹತ್ತು ಸಂಪಾದನೆ ಆಗಿರಬೇಕು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ (ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ) ಬೇರೆಯವರ ಪೋಸ್ಟಿಗೆ ಕಾಮೆಂಟು ಹಾಕಲು 50 ಅಂಕ ಗಳಿಸಿರಬೇಕು. ಡಿಸ್ಕೋರ್ಸ್ ಎಂಬ ಫೋರಂ ತಂತ್ರಾಂಶದಲ್ಲಿ ನಂಬಿಕೆಗೆ ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಿವೆ, ಹೊಸಬ ಸೊನ್ನೆಯಲ್ಲಿ ಶುರುಮಾಡುತ್ತಾನೆ, ಅವನಿಗೆ ಕೊಂಡಿ, ಚಿತ್ರ, ಖಾಸಗಿ ಸಂದೇಶಗಳ ಮೇಲೆ ಮಿತಿ. ಇವೆಲ್ಲ ದಾರಿಯನ್ನು ಕೇಳುವುದೇ ಇಲ್ಲ. ಒಳ್ಳೆಯ ಹೊಸಬನಿಗೆ ಒಂದು ವಾರದ ತಾಳ್ಮೆ ಸಾಕು. ಹತ್ತನೇ ಸಲ ಮರಳುವವನಿಗೆ ಹತ್ತು ಸಲವೂ ಆ ವಾರ ಕಾಯಬೇಕು, ಒಳ್ಳೆಯವನಂತೆ ನಟಿಸಬೇಕು. ಬೈಯುವ ಚಟಕ್ಕೆ ತಕ್ಷಣದ ಸುಖ ಬೇಕು, ಒಂದು ವಾರ ತಡವಾದರೆ ಅದು ಬಹುತೇಕ ಇಂಗಿಹೋಗುತ್ತದೆ.

ದುಡ್ಡು ಕೇಳುವ ದಾರಿಯೂ ಇದೆ. ಮೆಟಾಫಿಲ್ಟರ್ ಎಂಬ ಚರ್ಚಾತಾಣ 2004ರಿಂದ ಹೊಸ ಸದಸ್ಯರಿಗೆ 5 ಡಾಲರ್ ಹಚ್ಚಿತು. ಸಮ್‌ಥಿಂಗ್ ಆಫುಲ್ ತಾಣದಲ್ಲಿ ಸುಮಾರು 10 ಡಾಲರ್, ಬ್ಯಾನ್ ಆದರೆ ಮತ್ತೆ ಕಟ್ಟಿ ಬರಬೇಕು. ಅಲ್ಲಿನವರಿಗೆ ಅದು ಕಾಫಿಯ ದುಡ್ಡು, ನಮ್ಮ ಕಾಲೇಜು ಹುಡುಗರಿಗೆ ತಿಂಗಳ ರೀಚಾರ್ಜು. ಕನ್ನಡದ ತಾಣಕ್ಕೆ ಇದು ಒಗ್ಗುವುದಿಲ್ಲ ಎಂದೇ ನನ್ನ ಅನಿಸಿಕೆ. ಅದಕ್ಕಿಂತ ಲಾಬ್‌ಸ್ಟರ್ಸ್ ತಾಣದ ಕ್ರಮ ವಾಸಿ: ಒಬ್ಬ ಸದಸ್ಯ ಕರೆದರೆ ಮಾತ್ರ ಇನ್ನೊಬ್ಬನಿಗೆ ಪ್ರವೇಶ, ಯಾರು ಯಾರನ್ನು ಕರೆತಂದರು ಎಂಬ ಮರ ಎಲ್ಲರಿಗೂ ಕಾಣುತ್ತದೆ. ಕಿಡಿಗೇಡಿಯನ್ನು ಮತ್ತೆ ಮತ್ತೆ ಕರೆತರುವವನ ಹೆಸರೂ ಅಲ್ಲೇ ಇರುತ್ತದೆ.

ಇನ್ನು, ಬ್ಯಾನ್ ಆದವನಿಗೆ ಗೊತ್ತಾಗದಂತೆ ಅವನ ಪೋಸ್ಟುಗಳನ್ನು ಅವನೊಬ್ಬನಿಗೇ ಕಾಣಿಸುವ ಶ್ಯಾಡೋ ಬ್ಯಾನ್. ಡ್ರುಪಲ್‌ಗೆ (ತಾಣ ಕಟ್ಟುವ ಒಂದು ತಂತ್ರಾಂಶ) ಮಿಸರಿ ಎಂಬ ಒಂದು ಮಾಡ್ಯೂಲೂ ಇತ್ತು: ಬೇಡವಾದವನಿಗೆ ತಾಣ ನಿಧಾನವಾಗುತ್ತದೆ, ಪುಟ ಖಾಲಿ ಬರುತ್ತದೆ, ತಪ್ಪು ಸಂದೇಶಗಳು ಕಾಣುತ್ತವೆ. ಅವನು ಬೇಸತ್ತು ತಾನೇ ಹೋಗಲಿ ಎಂದು. ಕೇಳಲು ಮಜವಾಗಿದೆ, ನನಗೆ ಹಿಡಿಸುವುದಿಲ್ಲ. ತಪ್ಪಾಗಿ ಸಿಕ್ಕಿಬಿದ್ದವನಿಗೆ ತಾನು ಸಿಕ್ಕಿಬಿದ್ದಿದ್ದೇನೆ ಎಂದು ಗೊತ್ತಾಗುವ ದಾರಿಯೇ ಇಲ್ಲದ ಶಿಕ್ಷೆ ಅದು. ಪ್ರಾಕ್ಸಿ ಬಲ್ಲವನು ಬೇರೆ ದಾರಿಯಿಂದ ಬಂದು ತನ್ನ ಪೋಸ್ಟು ಕಾಣುತ್ತಿಲ್ಲವೆಂದು ಎರಡೇ ನಿಮಿಷದಲ್ಲಿ ಪತ್ತೆಹಚ್ಚುತ್ತಾನೆ, ಏನೂ ಅರಿಯದವನು ತಿಂಗಳುಗಟ್ಟಲೆ ಗೋಡೆಗೆ ಮಾತಾಡುತ್ತಿರುತ್ತಾನೆ.

ದೊಡ್ಡ ಯೋಜನೆಗಳು ಈಗ ವಿಳಾಸದಿಂದ ದೂರ ಸರಿಯುತ್ತಿರುವುದು ಕಾಣುತ್ತಿದೆ. ಪೋರ್ಚುಗೀಸ್ ವಿಕಿಪೀಡಿಯದವರು 2020ರ ಅಕ್ಟೋಬರಿನಲ್ಲಿ ಮತ ಹಾಕಿ, ಖಾತೆ ಇಲ್ಲದೆ ಸಂಪಾದನೆ ಮಾಡುವುದನ್ನೇ ನಿಲ್ಲಿಸಿದರು. ಆಮೇಲೆ ಅಳಿಸಿ ಸರಿಪಡಿಸುವ ಕೆಲಸ ಇಳಿಯಿತು. ವಿಕಿಮೀಡಿಯ ಫೌಂಡೇಶನ್ 2024ರ ಕೊನೆಯಿಂದ ಒಂದೊಂದೇ ವಿಕಿಯಲ್ಲಿ "ತಾತ್ಕಾಲಿಕ ಖಾತೆ"ಗಳನ್ನು ತಂದಿತು. ಲಾಗಿನ್ ಆಗದೆ ಬರೆದವರ ಐಪಿ ಇನ್ನು ಮುಂದೆ ಎಲ್ಲರಿಗೂ ಕಾಣುವುದಿಲ್ಲ, ಬದಲಿಗೆ 90 ದಿನ ಬಾಳುವ ಒಂದು ಸಂಖ್ಯೆಯ ಹೆಸರು. ಹಳೆಯ ಕಾವಲುಗಾರರಲ್ಲಿ ಕೆಲವರಿಗೆ ಇದು ಕಣ್ಣು ಕಟ್ಟಿದಂತಾಗಿದೆ, ಅವರ ಕಷ್ಟ ಸುಳ್ಳಲ್ಲ.

ಆದರೆ ಪ್ರಾಕ್ಸಿಯ ಹಿಂದೆ ಇರುವವರೆಲ್ಲ ಕೇಡಿಗಳೇ ಎಂಬ ನಂಬಿಕೆಯನ್ನು ಒಂದು ಅಧ್ಯಯನ ಚೆನ್ನಾಗಿಯೇ ಅಲುಗಾಡಿಸಿದೆ. ಟಾರ್ ಮೇಲಿನ ತಡೆಯಿಂದ ತಪ್ಪಿಸಿಕೊಂಡು 2007ರಿಂದ 2018ರವರೆಗೆ ಇಂಗ್ಲಿಷ್ ವಿಕಿಪೀಡಿಯ ಸೇರಿದ 11,363 ಸಂಪಾದನೆಗಳನ್ನು ಅಮೆರಿಕದ ಸಂಶೋಧಕರು ಹೆಕ್ಕಿ ತೆಗೆದು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ಲಾಗಿನ್ ಆಗದೆ ಬರೆಯುವ ಸಾಮಾನ್ಯರ, ಮೊದಲ ಸಲ ಬರೆಯುವವರ ಕೆಲಸಕ್ಕೆ ಹೋಲಿಸಿದರೆ ಅವುಗಳ ಗುಣಮಟ್ಟ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಟಾರ್ ತಡೆಯಿಂದ ಹೊರಗೆ ಉಳಿದವರಲ್ಲಿ ಕಿಡಿಗೇಡಿಗಳಷ್ಟೇ ಅಲ್ಲ, ಕೆಲಸಕ್ಕೆ ಬರುವವರೂ ಇದ್ದರು.

ಸಾವಿರ ಜನರ ಒಂದು ಕನ್ನಡ ಚರ್ಚಾತಾಣ ನಡೆಸುವ ಇಬ್ಬರು ಮೂವರು ಗೆಳೆಯರಿಗೆ ಇವೆಲ್ಲದರಿಂದ ಏನು ದಕ್ಕಬಹುದು? ಡೇಟಾ ಸೆಂಟರಿನ ವಿಳಾಸಗಳಿಂದ ಹೊಸ ಖಾತೆ ತೆರೆಯುವುದನ್ನು ಮಾತ್ರ ತಡೆದು, ಇದ್ದವರಿಗೆ ಲಾಗಿನ್ ಬಿಡುವುದು. ಮೊಬೈಲ್ ಕಂಪನಿಗಳ ವಿಳಾಸಕ್ಕೆ ಒಂದು ದಿನಕ್ಕಿಂತ ಹೆಚ್ಚು ತಡೆ ಹಾಕದಿರುವುದು. ಹೊಸಬರ ಮೊದಲ ಐದಾರು ಪೋಸ್ಟು ಒಬ್ಬ ಹಿರಿಯ ಸದಸ್ಯರ ಕಣ್ಣಿಗೆ ಬಿದ್ದ ಮೇಲೆಯೇ ಹೊರಬರುವಂತೆ ಇಡುವುದು. ಇದರಲ್ಲಿ ದುಬಾರಿ ಎಂದರೆ ಕೊನೆಯದೇ, ಅದಕ್ಕೆ ದಿನಾ ಹತ್ತು ನಿಮಿಷ ಕೊಡುವ ಮನುಷ್ಯ ಬೇಕು, ತಂತ್ರಾಂಶ ಸಾಲದು. ಇಷ್ಟಾದ ಮೇಲೂ ಯಾರಿಗಾದರೂ ತಡೆಯ ಪುಟ ಕಾಣಿಸಲೇಬೇಕಾದರೆ ಅದು ಕನ್ನಡದಲ್ಲಿರಲಿ. ತಡೆ ಬಿದ್ದಿರುವುದು ನಿಮ್ಮ ಮೇಲಲ್ಲ, ನಿಮ್ಮ ಸಂಪರ್ಕದ ಮೇಲೆ ಎಂದು ಮೊದಲ ಸಾಲಿನಲ್ಲೇ ಹೇಳಲಿ. ಯಾವಾಗ ತೆರವಾಗುತ್ತದೆ ಎಂಬ ದಿನಾಂಕ ಇರಲಿ, ಲಾಗಿನ್ ಇಲ್ಲದೆಯೇ ಬರೆಯಬಹುದಾದ ಒಂದು ಇಮೇಲ್ ವಿಳಾಸ ಇರಲಿ. ಆ ಇಮೇಲನ್ನು ವಾರಕ್ಕೊಮ್ಮೆಯಾದರೂ ಯಾರು ತೆರೆದು ನೋಡುತ್ತಾರೆ ಎಂಬುದು ನಿರ್ವಾಹಕರ ನಡುವೆ ಮೊದಲೇ ಗೊತ್ತಾಗಿರಲಿ.